ಹಳೆಯ ಮಾರುತಿ 800 ಸ್ಲೋದಲ್ಲಿ ನಿಲ್ಲುತ್ತಿಲ್ಲವೇ? ಕಾರ್ಬೊರೇಟರ್ ಬದಲಿಸುವ ಮುನ್ನ ಗಾಳಿ ಹುಡುಕಿ

ಪ್ರಶ್ನೆ: ನನ್ನದು 1996ರ ಮಾರುತಿ 800, ಎಸಿ ಮಾಡೆಲ್, ಪೆಟ್ರೋಲ್ ಮತ್ತು ಗಾಳಿ ಬೆರೆಸುವ ಕಾರ್ಬೊರೇಟರ್ ಇರುವ ಎಂಜಿನ್. ಮೈಸೂರಿನಲ್ಲಿ ಓಡಿಸುತ್ತೇನೆ. ಬೆಳಿಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿದರೆ ಸ್ಲೋದಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದಿದ್ದಾಗಲೂ, ಚೆನ್ನಾಗಿಯೇ ಓಡುತ್ತದೆ. ಚೋಕ್ ಒಳಗೆ ತಳ್ಳಿದ ಕೂಡಲೇ ನಡುಗಲು ಶುರು, ಸಿಗ್ನಲ್‌ನಲ್ಲಿ ಆಫ್ ಆಗುತ್ತದೆ. ಹೈವೇಯಲ್ಲಿ 60–70ರಲ್ಲಿ ಹೋಗುವಾಗ ಏನೂ ತೊಂದರೆಯಿಲ್ಲ. ಪ್ಲಗ್ ಹೊಸದು, ಕಾರ್ಬೊರೇಟರ್ ಎರಡು ಸಲ ಸರ್ವಿಸ್ ಆಗಿದೆ. ಕೊನೆಗೆ ಸ್ಲೋ ಸ್ಪೀಡ್ ಏರಿಸಿ ಕೊಟ್ಟಿದ್ದಾರೆ. ಈಗ ಕೀ ಆಫ್ ಮಾಡಿದ ಮೇಲೂ ಎಂಜಿನ್ ಒಂದೆರಡು ಕ್ಷಣ ಗುಡುಗುಡು ಎಂದು ಓಡಿ ನಿಲ್ಲುತ್ತದೆ. ಹೊಸ ಕಾರ್ಬೊರೇಟರ್ ಹಾಕಿಸಿ ಎನ್ನುತ್ತಿದ್ದಾರೆ. ಹಾಕಿಸಲೇ?

ಉತ್ತರ: ಸದ್ಯಕ್ಕೆ ಬೇಡ. ನೀವು ಬರೆದ ಲಕ್ಷಣಗಳಲ್ಲಿ ಎರಡು ಬಹಳ ಮುಖ್ಯವಾದವು. ಚೋಕ್ ಇದ್ದಾಗ ಸರಿಯಾಗಿ ಓಡುತ್ತದೆ ಎಂದರೆ ಎಂಜಿನ್‌ಗೆ ಪೆಟ್ರೋಲ್ ಸಾಲದೆ ಬರುತ್ತಿದೆ, ಅಥವಾ ಗಾಳಿ ಜಾಸ್ತಿಯಾಗಿದೆ. ಚೋಕ್ ಎಳೆದಾಗ ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚುತ್ತದೆ, ಆ ಕೊರತೆ ಮುಚ್ಚಿಹೋಗುತ್ತದೆ. ಹೈವೇಯಲ್ಲಿ ತೊಂದರೆ ಇಲ್ಲ ಎಂದರೆ ಮೇನ್ ಜೆಟ್ (ವೇಗದಲ್ಲಿ ಪೆಟ್ರೋಲ್ ಬಿಡುವ ರಂಧ್ರ), ಪೆಟ್ರೋಲ್ ಪಂಪ್, ಫ್ಲೋಟ್ (ಪೆಟ್ರೋಲ್ ಮಟ್ಟ ಕಾಯುವ ತೇಲುಬುರುಡೆ) ಇವೆಲ್ಲ ತಮ್ಮ ಕೆಲಸ ಮಾಡುತ್ತಿವೆ. ಉಳಿಯುವುದು ಎರಡೇ ಅನುಮಾನ: ಸ್ಲೋಗೆ ಪೆಟ್ರೋಲ್ ಕೊಡುವ ಐಡಲ್ ಜೆಟ್ಟಿನ ದಾರಿ ಕಟ್ಟಿದೆ, ಇಲ್ಲವೇ ಕಾರ್ಬೊರೇಟರ್‌ನ ಕೆಳಗೆ ಎಲ್ಲೋ ಎಂಜಿನ್ ಕಳ್ಳಗಾಳಿ ಎಳೆಯುತ್ತಿದೆ. ಎರಡು ಸಲ ಸರ್ವಿಸ್ ಆದ ಮೇಲೂ ಹೀಗೇ ಇದ್ದರೆ ನನ್ನ ಮೊದಲ ಅನುಮಾನ ಗಾಳಿಯ ಮೇಲೆ.

ಗಾಳಿ ಸ್ಲೋದಲ್ಲಿ ಮಾತ್ರ ಕಾಡುವುದೇಕೆ ಎಂಬುದು ಗೊತ್ತಿದ್ದರೆ ಹುಡುಕುವುದು ಸುಲಭ. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದಾಗ ಕಾರ್ಬೊರೇಟರಿನ ಗಾಳಿ ದಾರಿಯನ್ನು ತೆರೆದು ಮುಚ್ಚುವ ಥ್ರಾಟಲ್ ತಟ್ಟೆ ಬಹುಪಾಲು ಮುಚ್ಚಿರುತ್ತದೆ. ಮೂರು ಪಿಸ್ಟನ್‌ಗಳೂ ಎಳೆಯುತ್ತಲೇ ಇರುವುದರಿಂದ ತಟ್ಟೆಯ ಕೆಳಗೆ, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನಲ್ಲಿ, ಜೋರು ವ್ಯಾಕ್ಯೂಮ್ (ಗಾಳಿ ಹೀರುವ ಸೆಳೆತ) ಹುಟ್ಟುತ್ತದೆ. 796 ಸಿಸಿಯ ಈ ಎಂಜಿನ್ ಸ್ಲೋದಲ್ಲಿ ಉಸಿರಾಡುವ ಗಾಳಿಯೇ ಸ್ವಲ್ಪ. ಆ ವ್ಯಾಕ್ಯೂಮಿನಲ್ಲಿ 3 ಮಿಲಿಮೀಟರ್‌ನ ಒಂದು ತೂತಿದ್ದರೆ ಎಂಜಿನ್‌ಗೆ ಬೇಕಾದ ಗಾಳಿಯ ಹೆಚ್ಚುಕಡಿಮೆ ಅರ್ಧದಷ್ಟು ಅದರಿಂದಲೇ ನುಗ್ಗಬಲ್ಲದು, ಪೆಟ್ರೋಲ್‌ನ ಒಂದು ಹನಿಯನ್ನೂ ತರದೆ. ಹೈವೇಯಲ್ಲಿ ತಟ್ಟೆ ತೆರೆದಿರುತ್ತದೆ, ವ್ಯಾಕ್ಯೂಮ್ ಇಳಿದಿರುತ್ತದೆ, ಎಂಜಿನ್ ಎಳೆಯುವ ಗಾಳಿ ಹಲವು ಪಟ್ಟು ಹೆಚ್ಚಿರುತ್ತದೆ. ಅದೇ ತೂತು ಲೆಕ್ಕಕ್ಕೇ ಬರುವುದಿಲ್ಲ. ಇದು ಮೂರು ಸಿಲಿಂಡರ್‌ನ ಎಂಜಿನ್ ಎಂಬುದೂ ನೆನಪಿರಲಿ. ಒಂದು ಸಿಲಿಂಡರ್ ಸೊರಗಿದರೂ ಮೂರರಲ್ಲೊಂದು ಪಾಲು ಹೋದಂತೆ. ಸ್ಟೀರಿಂಗ್, ಗೇರ್ ಲಿವರ್ ಎಲ್ಲ ಅಲುಗುವುದು ಅದಕ್ಕೇ.

ತಟ್ಟೆ ಎಷ್ಟು ತೆರೆದಿರಬೇಕೆಂದು ಹೊಂದಿಸುವ ಸ್ಲೋ ಸ್ಕ್ರೂ ಏರಿಸಿ ಕೊಟ್ಟಿದ್ದು ಸಮಸ್ಯೆಯನ್ನು ಮುಚ್ಚಿಟ್ಟಂತೆ. ತಟ್ಟೆ ಹೆಚ್ಚು ತೆರೆದಾಗ ಅದರ ಅಂಚಿನ ಮೇಲಿರುವ ಸಣ್ಣ ರಂಧ್ರಗಳು ಬಯಲಾಗಿ ಅವುಗಳಿಂದ ಪೆಟ್ರೋಲ್ ಬರತೊಡಗುತ್ತದೆ. ಆಮೇಲೆ ಸ್ಲೋದ ಪೆಟ್ರೋಲ್ ಹದ ಮಾಡುವ ಮಿಕ್ಸ್ಚರ್ ಸ್ಕ್ರೂ ಎಷ್ಟು ತಿರುಗಿಸಿದರೂ ಎಂಜಿನ್ ಕೇಳುವುದಿಲ್ಲ. ನೀವೂ ಮೆಕ್ಯಾನಿಕ್ಕೂ ಗಾಳಿಯ ದಾರಿ ಮುಚ್ಚುವವರೆಗೆ ಆ ಎರಡು ಸ್ಕ್ರೂಗಳನ್ನು ಇನ್ನು ಮುಟ್ಟಬೇಡಿ.

ಮೊದಲು ಕಾಸಿಲ್ಲದ ಪರೀಕ್ಷೆಗಳು. ಎಂಜಿನ್ ಚೆನ್ನಾಗಿ ಬಿಸಿಯಾಗಿರಲಿ, ಎಸಿ ಮತ್ತು ಲೈಟ್ ಆಫ್ ಇರಲಿ. ಏರ್ ಕ್ಲೀನರ್ ಮುಚ್ಚಳ ಬಿಚ್ಚಿ, ಎಂಜಿನ್ ಓಡುತ್ತಿರುವಾಗ ಕಾರ್ಬೊರೇಟರ್ ಬಾಯಿಯನ್ನು ಒಂದು ರಟ್ಟಿನ ತುಂಡಿನಿಂದ ನಿಧಾನವಾಗಿ ಅರ್ಧದಷ್ಟು, ಆಮೇಲೆ ಮುಕ್ಕಾಲು ಮುಚ್ಚಿ. ಕೈ ಇಡಬೇಡಿ, ಬ್ಯಾಕ್‌ಫೈರ್ ಆದರೆ ಸುಡುತ್ತದೆ. ಮುಚ್ಚುತ್ತ ಹೋದಂತೆ ನಡುಕ ನಿಂತು ಸದ್ದು ಹದಕ್ಕೆ ಬಂದರೆ ಮಿಶ್ರಣ ಬಡವಾಗಿದೆ (ಗಾಳಿಗೆ ತಕ್ಕ ಪೆಟ್ರೋಲ್ ಇಲ್ಲ) ಎಂಬುದು ಖಾತ್ರಿ. ಮುಚ್ಚಿದಾಗ ಇನ್ನೂ ಕೆಟ್ಟು ಕಪ್ಪು ಹೊಗೆ ಬಂದರೆ ನಾವು ತಪ್ಪು ದಾರಿಯಲ್ಲಿದ್ದೇವೆ. ಒಳಬರುವ ಪೆಟ್ರೋಲನ್ನು ತಡೆಯುವ ಫ್ಲೋಟ್ ನೀಡಲ್ ನೋಡಬೇಕು.

ಎರಡನೆಯದು ಐಡಲ್ ಸೊಲೆನಾಯ್ಡ್. ಕಾರ್ಬೊರೇಟರ್‌ನ ಮೈಗೆ ಚುಚ್ಚಿಕೊಂಡಂತೆ, ಹೆಬ್ಬೆರಳ ಗಾತ್ರದ, ಒಂದು ವೈರ್ ಇರುವ ಭಾಗ ಅದು. ಕೀ ಆನ್ ಮಾಡಿದರೆ ಒಳಗಿನ ಸೂಜಿ ಹಿಂದೆ ಸರಿದು ಐಡಲ್ ಪೆಟ್ರೋಲ್‌ಗೆ ದಾರಿ ಬಿಡುತ್ತದೆ, ಆಫ್ ಮಾಡಿದರೆ ಮುಚ್ಚುತ್ತದೆ. ಎಂಜಿನ್ ಓಡಿಸದೆ ಕೀ ಮಾತ್ರ ಆನ್ ಇಟ್ಟು, ಆ ವೈರನ್ನು ತೆಗೆದು ಹಾಕಿ ಮಾಡಿ. ಪ್ರತಿ ಸಲ ‘ಟಿಕ್’ ಎನ್ನಬೇಕು. ಸದ್ದೇ ಬರದಿದ್ದರೆ ವೈರಿಗೆ 12 ವೋಲ್ಟ್ ಬರುತ್ತಿದೆಯೇ ನೋಡಿ. ಕರೆಂಟ್ ಬಂದೂ ಸದ್ದಿಲ್ಲದಿದ್ದರೆ ಸೊಲೆನಾಯ್ಡ್ ಸತ್ತಿದೆ, ಸ್ಲೋ ನಿಲ್ಲದಿರಲು ಅದೊಂದೇ ಸಾಕು. ಕೀ ಆಫ್ ಮಾಡಿದರೂ ನಿಮ್ಮ ಎಂಜಿನ್ ಓಡುತ್ತಿದೆ ಎಂಬುದರಿಂದ ಇಲ್ಲಿ ಇನ್ನೊಂದು ಅನುಮಾನವೂ ಇದೆ. ಕೆಲವು ಕಡೆ ಸೊಲೆನಾಯ್ಡ್ ಕೆಟ್ಟಾಗ ಹೊಸದು ಹಾಕುವ ಬದಲು ಸೂಜಿಯ ತುದಿಯನ್ನೇ ಕತ್ತರಿಸಿ ಹಾಕುತ್ತಾರೆ. ಆಗ ಪೆಟ್ರೋಲ್ ದಾರಿ ಸದಾ ತೆರೆದೇ ಇರುತ್ತದೆ, ಬಿಸಿ ಎಂಜಿನ್ ಸ್ಪಾರ್ಕ್ ಇಲ್ಲದೆಯೂ ಉರಿಯುತ್ತದೆ. ಬಿಚ್ಚಿ ನೋಡಿ, ತುದಿ ಮೊಂಡಾಗಿದ್ದರೆ ಹೊಸದನ್ನೇ ಹಾಕಿಸಿ.

ಮೂರನೆಯದಕ್ಕೆ ಹತ್ತಿರದ ಎಮಿಷನ್ ಟೆಸ್ಟ್ ಕೇಂದ್ರಕ್ಕೆ ಹೋಗಿ. ಸರ್ಟಿಫಿಕೇಟ್ ಬಿಡಿ, ಆ ಚೀಟಿಯಲ್ಲಿ ಮುದ್ರಿಸಿ ಕೊಡುವ ಎರಡು ಅಂಕಿಗಳು ಒಳ್ಳೆಯ ಡಾಕ್ಟರ್ ರಿಪೋರ್ಟ್ ಇದ್ದಂತೆ. ಬಿಎಸ್-2 ಹೊಗೆ ನಿಯಮಕ್ಕಿಂತ ಹಿಂದಿನ ನಾಲ್ಕು ಚಕ್ರದ ಪೆಟ್ರೋಲ್ ಗಾಡಿಗೆ ಮಿತಿ ಸಿಒ (ಕಾರ್ಬನ್ ಮಾನಾಕ್ಸೈಡ್) ಶೇ 3, ಉರಿಯದೆ ಹೊರಬರುವ ಪೆಟ್ರೋಲ್ ಅಂಶವಾದ ಎಚ್‌ಸಿ 1500 ಪಿಪಿಎಂ. ಸಿಒ ಬಹಳ ಕಡಿಮೆ ಇದ್ದು, ಉದಾಹರಣೆಗೆ ಶೇ 0.5ಕ್ಕಿಂತ ಕೆಳಗೆ, ಎಚ್‌ಸಿ ಮಾತ್ರ ಏರಿದ್ದರೆ ಮಿಶ್ರಣ ಬಡವಾಗಿ ಕೆಲವು ಸಲ ಹೊತ್ತಿಕೊಳ್ಳದೆ ಹಾಗೇ ಹೊರಗೆ ಹೋಗುತ್ತಿದೆ ಎಂದರ್ಥ. ಎರಡೂ ಏರಿದ್ದರೆ ಪೆಟ್ರೋಲ್ ಜಾಸ್ತಿ. ಸಿಒ ಹದವಾಗಿದ್ದು ಎಚ್‌ಸಿ ಮಾತ್ರ ಏರಿದ್ದರೆ ಪ್ಲಗ್ ವೈರ್, ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನ ಕ್ಯಾಪ್ ಕಡೆ ತಿರುಗಿ. ಚೀಟಿ ಎಸೆಯಬೇಡಿ, ಕೆಲಸ ಮುಗಿದ ಮೇಲೆ ಹೋಲಿಸಲು ಬೇಕು.

ಇನ್ನು ಹೊಂಚು ಹಾಕಿದ ಗಾಳಿಯನ್ನು ಹಿಡಿಯುವುದು. ಕಾರ್ಬೊರೇಟರ್ ಬುಡ ಮತ್ತು ಮ್ಯಾನಿಫೋಲ್ಡಿನಿಂದ ಹೊರಡುವ ಪ್ರತಿಯೊಂದು ಪೈಪನ್ನೂ ಮೊದಲು ಕಣ್ಣಿನಿಂದ ಹಿಂಬಾಲಿಸಿ: ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಅಡ್ವಾನ್ಸ್‌ಗೆ ಹೋಗುವುದು, ಬ್ರೇಕ್ ಬೂಸ್ಟರ್ (ಪೆಡಲ್ ಹಗುರ ಮಾಡುವ ಸಾಧನ) ಇದ್ದರೆ ಅದರ ದಪ್ಪ ಪೈಪ್, ಎಸಿ ಹಾಕಿದಾಗ ಸ್ಲೋ ಏರಿಸುವ ರಬ್ಬರ್ ಪೊರೆಯ, ಅಂದರೆ ಡಯಾಫ್ರಮ್‌ನ ಪೈಪ್, ಹೆಡ್ ಕವರಿನ ಉಸಿರು ಪೈಪ್. ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡೇ ಕೈ ಹಾಕಿ. ರಬ್ಬರ್ ಸೀಳುವುದು ನಡುವಿನಲ್ಲಿ ಕಡಿಮೆ. ನಳಿಗೆಗೆ ಚುಚ್ಚಿದ ತುದಿಯಲ್ಲಿ, ಅದೂ ಕಾಣದ ಕೆಳಬದಿಯಲ್ಲಿ ಹೆಚ್ಚು. ತುದಿಯನ್ನು ಎಳೆದು ಮಡಚಿ ನೋಡಿ. ಒಣಗಿದ ನೆಲದ ಹಾಗೆ ಸಣ್ಣ ಬಿರುಕು ಬಾಯಿ ಬಿಟ್ಟರೆ ಆ ಪೈಪಿನ ಆಯುಸ್ಸು ಮುಗಿದಿದೆ. ಪೈಪ್ ಇರಬೇಕಾದ ಕಡೆ ಸಲೈನ್ ಟ್ಯೂಬೋ, ಮೀನಿನ ತೊಟ್ಟಿಯ ಪಾರದರ್ಶಕ ಪೈಪೋ ಕಂಡರೆ ಅದನ್ನೂ ಕಿತ್ತೆಸೆಯಿರಿ. ಎಂಜಿನ್ ಬಿಸಿಗೆ ಅದು ಮೆತ್ತಗಾಗಿ ವ್ಯಾಕ್ಯೂಮಿಗೆ ಚಪ್ಪಟೆಯಾಗುತ್ತದೆ, ತಣ್ಣಗಾದಾಗ ಕಲ್ಲಿನಂತಾಗಿ ತುದಿ ಸಡಿಲವಾಗುತ್ತದೆ. ಬಿಸಿಯಲ್ಲೊಂದು, ತಣ್ಣಗಿದ್ದಾಗ ಇನ್ನೊಂದು ತರ ಆಡುವ ಗಾಡಿಗಳಲ್ಲಿ ಇದನ್ನು ತಪ್ಪದೆ ನೋಡಿ.

ಆಮೇಲೆ ಎಂಜಿನ್ ಓಡಿಸಿ, ಪೈಪುಗಳನ್ನು ಒಂದೊಂದಾಗಿ ಬಟ್ಟೆ ಸುತ್ತಿದ ನೋಸ್ ಪ್ಲೈಯರ್‌ನಿಂದ ಬುಡದ ಹತ್ತಿರವೇ ಒತ್ತಿ ಹಿಡಿಯಿರಿ. ಯಾವುದನ್ನು ಒತ್ತಿದಾಗ ನಡುಕ ಬದಲಾಗುತ್ತದೋ ಸೋರಿಕೆ ಆ ದಾರಿಯಲ್ಲಿದೆ. ರಬ್ಬರ್ ತೀರಾ ಗಟ್ಟಿಯಾಗಿದ್ದರೆ ಒತ್ತಬೇಡಿ, ಅಲ್ಲೇ ಒಡೆಯುತ್ತದೆ. ಎಂಜಿನ್ ನಿಲ್ಲಿಸಿ ಪೈಪ್ ಕಿತ್ತು, ನಳಿಗೆಗೆ ಒಂದು ತುಂಡು ಹೊಸ ಪೈಪ್ ಹಾಕಿ ಅದರ ಬಾಯಿಗೆ ಸರಿಹೊಂದುವ ಬೋಲ್ಟ್ ತೂರಿಸಿ ಮುಚ್ಚಿ. ಹೀಗೆ ಎಲ್ಲ ನಳಿಗೆಗಳನ್ನೂ ಮುಚ್ಚಿದ ಮೇಲೆ ಸ್ಲೋ ಸರಿಹೋದರೆ ಕಾರ್ಬೊರೇಟರ್, ಜೋಡಣೆಯ ಸಂದು ಮುಚ್ಚುವ ಪ್ಯಾಕಿಂಗ್ ಎರಡೂ ನಿರಪರಾಧಿಗಳು. ಒಂದೊಂದೇ ಪೈಪ್ ಮರಳಿ ಹಾಕುತ್ತ ಬನ್ನಿ, ಕಳ್ಳ ಸಿಗುತ್ತಾನೆ. ಬ್ರೇಕ್ ಬೂಸ್ಟರ್ ಪೈಪ್ ಮುಚ್ಚಿದ ಸ್ಥಿತಿಯಲ್ಲಿ ಗಾಡಿಯನ್ನು ರಸ್ತೆಗೆ ಇಳಿಸಬೇಡಿ, ಬ್ರೇಕ್ ಪೆಡಲ್ ಕಲ್ಲಾಗಿರುತ್ತದೆ.

ಬೂಸ್ಟರನ್ನು ಬೇರೆಯಾಗಿಯೂ ನೋಡಬಹುದು. ಎಂಜಿನ್ ಆಫ್ ಇದ್ದಾಗ ಪೆಡಲನ್ನು ನಾಲ್ಕೈದು ಸಲ ಒತ್ತಿ, ಒತ್ತಿ ಹಿಡಿದಂತೆಯೇ ಸ್ಟಾರ್ಟ್ ಮಾಡಿ. ಪೆಡಲ್ ಕಾಲ ಕೆಳಗೆ ಸ್ವಲ್ಪ ಇಳಿಯಬೇಕು. ಪೆಡಲ್ ಒತ್ತಿದಾಗ ಮಾತ್ರ ಎಂಜಿನ್ ನಡುಗಿದರೆ, ಅಥವಾ ಕಾಲಿನ ಬಳಿ ಬುಸ್ ಎಂಬ ಸದ್ದು ನಿಲ್ಲದೆ ಕೇಳಿದರೆ, ಒಳಗಿನ ಡಯಾಫ್ರಮ್ ಹರಿದಿದೆ. ಇದು ಸ್ಲೋದ ಪ್ರಶ್ನೆಯಲ್ಲ, ಬ್ರೇಕಿನ ಪ್ರಶ್ನೆ, ಅಂದೇ ಸರಿಪಡಿಸಿ. ಡಿಸ್ಟ್ರಿಬ್ಯೂಟರ್ ಡಯಾಫ್ರಮ್ ಪರೀಕ್ಷೆ ಇನ್ನೂ ಸರಳ: ಅದರ ಪೈಪನ್ನು ಕಾರ್ಬೊರೇಟರ್ ಕಡೆಯಿಂದ ಕಿತ್ತು ಬಾಯಿಂದ ಎಳೆದು ನಾಲಿಗೆಯಿಂದ ಮುಚ್ಚಿ. ನಾಲಿಗೆ ಅಂಟಿಕೊಂಡೇ ಇರಬೇಕು. ಗಾಳಿ ಬರುತ್ತಲೇ ಇದ್ದರೆ ಡಯಾಫ್ರಮ್ ಹರಿದಿದೆ.

ಪೈಪುಗಳೆಲ್ಲ ಸರಿಯಿದ್ದರೆ ಉಳಿಯುವುದು ಮೂರು ಜಾಗ: ಕಾರ್ಬೊರೇಟರ್ ಬುಡದ ಪ್ಯಾಕಿಂಗ್, ಮ್ಯಾನಿಫೋಲ್ಡ್ ಮತ್ತು ಹೆಡ್ ನಡುವಿನ ಪ್ಯಾಕಿಂಗ್, ತಟ್ಟೆಯನ್ನು ತಿರುಗಿಸುವ ಥ್ರಾಟಲ್ ಶಾಫ್ಟಿನ ಎರಡು ತುದಿ. ಇಲ್ಲಿಗೆ ಸಿರಿಂಜಿನಲ್ಲಿ ಪೆಟ್ರೋಲ್ ತುಂಬಿ ಚಿಮುಕಿಸುವ ಅಭ್ಯಾಸ ಗ್ಯಾರೇಜುಗಳಲ್ಲಿದೆ. ದಯವಿಟ್ಟು ಬೇಡ. ಪಕ್ಕದಲ್ಲೇ ಡಿಸ್ಟ್ರಿಬ್ಯೂಟರ್‌ನ ಕಿಡಿ, ಸುಡುವ ಎಕ್ಸಾಸ್ಟ್. ಹೊತ್ತಿಕೊಳ್ಳಲು ಒಂದು ಕ್ಷಣ ಸಾಕು. ಇಸ್ತ್ರಿಗೆ ಬಳಸುವ ನೀರಿನ ಸ್ಪ್ರೇ ಬಾಟಲಿಯೇ ಸಾಕು. ಏರ್ ಕ್ಲೀನರ್ ಮುಚ್ಚಳ ಹಾಕಿ, ಡಿಸ್ಟ್ರಿಬ್ಯೂಟರ್ ಮೇಲೆ ಪ್ಲಾಸ್ಟಿಕ್ ಹೊದಿಸಿ, ನೂಲಿನಂಥ ಸಣ್ಣ ಧಾರೆಯಲ್ಲಿ ಒಂದು ಜಾಗಕ್ಕೆ ಹೊಡೆದು ಐದು ಸೆಕೆಂಡ್ ಕಾಯಿರಿ. ನೀರು ಬಿರುಕನ್ನು ಅರೆಕ್ಷಣ ಮುಚ್ಚುತ್ತದೆ. ಆಗ ಎಂಜಿನ್ ಸದ್ದು ಒಮ್ಮೆ ಹದಕ್ಕೆ ಬಂದು ಮತ್ತೆ ಕೆಡುತ್ತದೆ, ಕೆಲವೊಮ್ಮೆ ನೀರು ಹೀರಿದ ‘ಚುರ್’ ಎಂಬ ಸದ್ದೇ ಕೇಳುತ್ತದೆ. ಕಾರ್ಬ್ ಕ್ಲೀನರ್ ಸ್ಪ್ರೇ ಬಳಸುವುದೇ ಆದರೆ ಉದ್ದ ನಳಿಗೆ ಹಾಕಿ ಅರ್ಧ ಸೆಕೆಂಡ್ ಮಾತ್ರ, ಕೈಗೆಟಕುವಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಂಡು. ರೇಡಿಯೇಟರ್ ಫ್ಯಾನ್ ಯಾವಾಗ ಬೇಕಾದರೂ ತಿರುಗತೊಡಗಬಹುದು, ತೋಳು, ದುಪಟ್ಟಾ ಬಗ್ಗೆ ಎಚ್ಚರ.

ಮ್ಯಾನಿಫೋಲ್ಡ್ ಪ್ಯಾಕಿಂಗ್ ಅನುಮಾನವಿದ್ದರೆ ಪ್ಲಗ್‌ಗಳೂ ಸಾಕ್ಷಿ ಹೇಳುತ್ತವೆ. ಸ್ಲೋದಲ್ಲಿ ಹತ್ತು ನಿಮಿಷ ಓಡಿಸಿ ನಿಲ್ಲಿಸಿ ಮೂರನ್ನೂ ಬಿಚ್ಚಿ ಸಾಲಾಗಿಡಿ. ಎರಡು ಕಂದು, ಒಂದು ಮಾತ್ರ ಸುಣ್ಣದಂತೆ ಬಿಳಿ ಇದ್ದರೆ ಆ ಸಿಲಿಂಡರ್‌ನ ಬಾಯಿಯಲ್ಲಿ ಗಾಳಿ ಎಳೆಯುತ್ತಿದೆ. ಮೂರೂ ಬಿಳಿಯಾಗಿದ್ದರೆ ಸೋರಿಕೆ ಎಲ್ಲಕ್ಕೂ ಸಮಾನವಾದ ಕಡೆ, ಅಂದರೆ ಕಾರ್ಬೊರೇಟರ್ ಬುಡದಲ್ಲಿ ಅಥವಾ ದೊಡ್ಡ ಪೈಪಿನಲ್ಲಿ ಇದೆ.

ವ್ಯಾಕ್ಯೂಮ್ ಗೇಜ್ ಸಿಕ್ಕರೆ ಅರ್ಧ ಗಂಟೆಯ ಕೆಲಸ ಐದು ನಿಮಿಷಕ್ಕೆ ಇಳಿಯುತ್ತದೆ. ಆದರೆ ಗೇಜ್ ಓದುವಾಗ ನಮ್ಮ ಊರುಗಳ ಎತ್ತರ ಲೆಕ್ಕಕ್ಕೆ ಹಿಡಿಯಬೇಕು, ಇದನ್ನು ಬಹಳ ಮಂದಿ ಮರೆಯುತ್ತಾರೆ. ಗೇಜಿನ ಮೇಲೆ ಹಸಿರು ಪಟ್ಟಿಯಲ್ಲಿ ಬರೆದಿರುವ 17ರಿಂದ 21 ಇಂಚು (ಪಾದರಸದ ಅಳತೆ) ಸಮುದ್ರ ಮಟ್ಟದ ಮಾತು, ಮಂಗಳೂರು ಕಾರವಾರಕ್ಕೆ ಸರಿ. ಪ್ರತಿ 300 ಮೀಟರ್ ಏರಿದರೆ ಸುಮಾರು ಒಂದು ಇಂಚು ಕಡಿಮೆಯಾಗುತ್ತದೆ. ಮೈಸೂರು ಸುಮಾರು 760 ಮೀಟರ್ ಎತ್ತರದಲ್ಲಿದೆ, ಹಾಗಾಗಿ ನಿಮಗೆ 15ರಿಂದ 18 ಬಂದರೆ ಆರೋಗ್ಯ. ಬೆಂಗಳೂರಿನಲ್ಲಿ, 920 ಮೀಟರ್‌ನಲ್ಲಿ, ಅದಕ್ಕೂ ಅರ್ಧ ಇಂಚು ಕಡಿಮೆ. ಮುಳ್ಳು ಅಲುಗದೆ 11–12ರಲ್ಲಿ ನಿಂತಿದ್ದರೆ ಗಾಳಿ ಸೋರಿಕೆ ಅಥವಾ ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಸಮಯ) ಹಿಂದೆ ಬಿದ್ದಿದೆ. ಹಾಗಾಗಿ ಟೈಮಿಂಗ್ ಒಮ್ಮೆ ಲೈಟ್ ಹಿಡಿದು ನೋಡಿಸಿ. ಮುಳ್ಳು ಒಂದೇ ತಾಳದಲ್ಲಿ ಮತ್ತೆ ಮತ್ತೆ ಕೆಳಗೆ ಕುಕ್ಕುತ್ತಿದ್ದರೆ ಒಂದು ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಅದನ್ನು ಯಾವ ಪ್ಯಾಕಿಂಗೂ ಸರಿಮಾಡದು, ಕಂಪ್ರೆಷನ್ ಪರೀಕ್ಷೆ ಮಾಡಿಸಿ. ನಿಧಾನವಾಗಿ ಹಿಂದೆ ಮುಂದೆ ತೂಗುತ್ತಿದ್ದರೆ ಮಿಶ್ರಣದ ಹೊಂದಾಣಿಕೆ ತಪ್ಪಿದೆ.

ಬುಡದಲ್ಲಿ ಸೋರಿಕೆ ಸಿಕ್ಕಿತು ಎಂದುಕೊಳ್ಳಿ. ನಟ್ ಬಿಗಿ ಮಾಡಿದರೆ ಆಯಿತು ಅನಿಸುತ್ತದೆ, ಅಲ್ಲೇ ಕೆಡುವುದು. ಕಾರ್ಬೊರೇಟರ್ ಮೈ ಮೆತ್ತನೆಯ ಲೋಹದ್ದು. ಮೂಲೆಗಳನ್ನು ಬಲವಾಗಿ ಬಿಗಿದರೆ ಕಿವಿಗಳು ಕೆಳಗೆ ಬಾಗಿ ನಡುಭಾಗ ಉಬ್ಬುತ್ತದೆ. ಬಿಗಿದಷ್ಟೂ ಗಾಳಿ ಹೆಚ್ಚು. ಬಿಚ್ಚಿ, ಹಳೆಯ ಪ್ಯಾಕಿಂಗ್ ಕೆರೆದು ತೆಗೆದು, ಬುಡದ ಮೇಲೆ ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ಕರ್ಣದ ಉದ್ದಕ್ಕೂ ನೋಡಿ. 0.1 ಮಿಲಿಮೀಟರ್‌ನ ಫೀಲರ್ ಗೇಜ್ ಸಂದಿನಲ್ಲಿ ತೂರಿದರೆ ಸಮತಟ್ಟು ಮಾಡಲೇಬೇಕು: ದಪ್ಪ ಗಾಜಿನ ಮೇಲೆ 400 ನಂಬರಿನ, ನೀರು ಹಾಕಿ ಉಜ್ಜುವ ಮರಳು ಕಾಗದ ಹರಡಿ, ನೀರು ಹಾಕಿ, ಎಂಟರ ಆಕಾರದಲ್ಲಿ ಉಜ್ಜಿ. ಥ್ರಾಟಲ್ ತಟ್ಟೆಗೆ ಕಾಗದ ತಾಗದಂತೆ ನೋಡಿಕೊಳ್ಳಿ. ನಡುವೆ ಕೂರುವ ಬಿಸಿ ತಡೆಯುವ ದಪ್ಪ ಬಿಲ್ಲೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬದಲಿಸಿ, ಅದರ ಎರಡೂ ಬದಿಗೆ ಹೊಸ ಪ್ಯಾಕಿಂಗ್ ಹಾಕಿ. ಸಿಲಿಕಾನ್ ಪೇಸ್ಟ್ ಮೆತ್ತಬೇಡಿ. ಪೆಟ್ರೋಲ್ ತಾಗಿದರೆ ಅದು ಉಬ್ಬಿ ಎಳೆಯಾಗಿ ಕಿತ್ತು ಒಳಗೆ ಹೋಗುತ್ತದೆ. ನಟ್‌ಗಳನ್ನು ಬೆರಳಿನಿಂದ ಕೂರಿಸಿ, ಎದುರುಬದುರಾಗಿ ಕಾಲು ಕಾಲು ಸುತ್ತು ಬಿಗಿಯುತ್ತ ಬನ್ನಿ. ಒಮ್ಮೆ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಇನ್ನೊಮ್ಮೆ ಮುಟ್ಟಿ ನೋಡಿ. ಮ್ಯಾನಿಫೋಲ್ಡನ್ನೇ ಇಳಿಸಬೇಕಾದರೆ ಅದರೊಳಗೆ ಕೂಲೆಂಟ್ ಹರಿಯುತ್ತದೆ ಎಂಬುದು ನೆನಪಿರಲಿ, ಮೊದಲು ಆ ಕೂಲೆಂಟನ್ನು ಬಸಿದು ತೆಗೆಯಿರಿ.

ಥ್ರಾಟಲ್ ಶಾಫ್ಟ್ ಬಗ್ಗೆ ಒಂದು ಮಾತು. ತುದಿಯನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿ. ಕೈಗೆ ಸ್ಪಷ್ಟವಾಗಿ ಲೊಟಲೊಟ ಎಂದರೆ, ಅಲ್ಲಿಗೆ ನೀರು ಹೊಡೆದಾಗ ಸದ್ದೂ ಬದಲಾದರೆ, ಬುಷ್ ಸವೆದಿದೆ. ಒಳ್ಳೆಯ ಲೇತ್ ಕೆಲಸಗಾರರು ಹಿತ್ತಾಳೆ ಬುಷ್ ಹಾಕಿಕೊಡುತ್ತಾರೆ. ಅದೂ ಆಗದಷ್ಟು ಸವೆದಿದ್ದರೆ ಆಗ ಮಾತ್ರ ಬೇರೆ ಕಾರ್ಬೊರೇಟರ್ ಎಂಬ ಮಾತಿಗೆ ಅರ್ಥವಿದೆ. ವೇಗ ಹೆಚ್ಚಿದಾಗ ತೆರೆಯುವ ಎರಡನೇ ಗಾಳಿ ದಾರಿಯ, ಅಂದರೆ ಎರಡನೇ ಬ್ಯಾರೆಲ್‌ನ ತಟ್ಟೆ ಪೂರ್ತಿ ಮುಚ್ಚುತ್ತಿದೆಯೇ ಎಂಬುದನ್ನೂ ನೋಡಿ. ಗಸಿ ಕಟ್ಟಿ ಕೂದಲಿನಷ್ಟು ತೆರೆದು ನಿಂತರೂ ಲಕ್ಷಣ ಇದೇ.

ಇನ್ನು ಈಗಿನ ಪೆಟ್ರೋಲ್. ಬಂಕಿನಲ್ಲಿ ಸಿಗುವುದು ಶೇ 20 ಎಥೆನಾಲ್ ಬೆರೆಸಿದ್ದು. ಬರಿಯ ಪೆಟ್ರೋಲ್‌ಗೆ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಇದಕ್ಕೆ ಸುಮಾರು 13.5. ಇಂಜೆಕ್ಷನ್ ಗಾಡಿ ತಾನೇ ಹೊಂದಿಸಿಕೊಳ್ಳುತ್ತದೆ, ಕಾರ್ಬೊರೇಟರ್‌ಗೆ ಅದು ಬಾರದು. ಹಾಗಾಗಿ ಸೋರಿಕೆ ಇಲ್ಲದ ಹಳೆಯ ಗಾಡಿಯೂ ಮೊದಲಿಗಿಂತ ಸ್ವಲ್ಪ ಬಡ ಮಿಶ್ರಣದಲ್ಲೇ ಓಡುತ್ತದೆ, ಸಣ್ಣ ಸೋರಿಕೆಯೂ ದೊಡ್ಡದಾಗಿ ಕಾಣುತ್ತದೆ. ಹಳೆಯ ರಬ್ಬರ್ ಕೂಡ ಎಥೆನಾಲ್‌ಗೆ ತಾಳಿಕೊಳ್ಳುವುದಿಲ್ಲ. ವ್ಯಾಕ್ಯೂಮ್ ಪೈಪ್ ಬದಲಿಸುವ ದಿನವೇ ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗಿನ ಪೆಟ್ರೋಲ್ ಪೈಪುಗಳನ್ನೂ ಎಥೆನಾಲ್ ತಾಳುವ ದರ್ಜೆಯದಕ್ಕೆ ಬದಲಿಸಿ. ಪೆಟ್ರೋಲ್ ಪೈಪ್ ಹನಿಕಿದರೆ ಸ್ಲೋ ಅಲ್ಲ, ಗಾಡಿಯೇ ಹೋಗುತ್ತದೆ.

ಇದೆಲ್ಲ ಮುಗಿದ ಮೇಲೆಯೇ ಸ್ಕ್ರೂಗಳ ಸರದಿ. ಬಿಸಿ ಎಂಜಿನ್, ಏರ್ ಕ್ಲೀನರ್ ಹಾಕಿದ್ದು, ರೇಡಿಯೇಟರ್ ಫ್ಯಾನ್ ನಿಂತಿರುವ ಹೊತ್ತು. ಮಿಕ್ಸ್ಚರ್ ಸ್ಕ್ರೂವನ್ನು ಹಗುರವಾಗಿ ಕೂರುವವರೆಗೆ ಒಳಗೆ ತಿರುಗಿಸಿ. ಬಲವಂತ ಮಾಡಿದರೆ ಸೂಜಿಯ ಮೊನೆಗೆ ಉಂಗುರದಂಥ ಗೀರು ಬಿದ್ದು ಮುಂದೆಂದೂ ಹದ ಸಿಗುವುದಿಲ್ಲ. ಅಲ್ಲಿಂದ ಎರಡೂವರೆ ಸುತ್ತು ಹೊರಗೆ ತಂದು ಸ್ಟಾರ್ಟ್ ಮಾಡಿ. ಸ್ಲೋ ಸ್ಕ್ರೂ ಇಳಿಸಿ ಬಾನೆಟ್ ಕೆಳಗಿನ ಸ್ಟಿಕರ್ ಹೇಳುವ ಆರ್‌ಪಿಎಂಗೆ ತನ್ನಿ. ಸ್ಟಿಕರ್ ಹರಿದಿದ್ದರೆ 850–900 ಎಂದಿಟ್ಟುಕೊಳ್ಳಿ. ಈಗ ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಸುತ್ತಿನಂತೆ ಒಳಗೆ, ಹೊರಗೆ ಆಡಿಸಿ, ಪ್ರತಿ ಸಲ ಹತ್ತು ಸೆಕೆಂಡ್ ಕಾದು, ಸ್ಪೀಡ್ ಅತಿ ಹೆಚ್ಚು ಬರುವ ಜಾಗ ಹಿಡಿಯಿರಿ. ಸ್ಪೀಡ್ ಏರಿದರೆ ಸ್ಲೋ ಸ್ಕ್ರೂ ಇಳಿಸಿ ಮತ್ತೆ ಅದನ್ನೇ ಮಾಡಿ. ಎರಡು ಮೂರು ಸುತ್ತಿನಲ್ಲಿ ಹದ ಸಿಗುತ್ತದೆ. ಈ ಸಲ ಸ್ಕ್ರೂವನ್ನು ಪೂರ್ತಿ ಒಳಗೆ ತಿರುಗಿಸಿದರೆ ಎಂಜಿನ್ ಸಾಯಬೇಕು. ಸಾಯದಿದ್ದರೆ ತಟ್ಟೆ ಇನ್ನೂ ಹೆಚ್ಚು ತೆರೆದಿದೆ ಅಥವಾ ಪೆಟ್ರೋಲ್ ಬೇರೆ ದಾರಿಯಿಂದ ಬರುತ್ತಿದೆ. ತಿರುಗಿಸಿದರೂ ಬಿಟ್ಟರೂ ಏನೂ ವ್ಯತ್ಯಾಸವೇ ಕಾಣದೆ ಚೋಕ್ ಇಲ್ಲದೆ ನಿಲ್ಲದಿದ್ದರೆ ಐಡಲ್ ಜೆಟ್ ಕಟ್ಟಿದೆ: ಬಿಚ್ಚಿ, ಕಾರ್ಬ್ ಕ್ಲೀನರಿನಲ್ಲಿ ನೆನೆಸಿ, ಗಾಳಿ ಹೊಡೆಸಿ. ತಂತಿ ಚುಚ್ಚಬೇಡಿ, ರಂಧ್ರ ದೊಡ್ಡದಾದರೆ ಜೆಟ್ಟೇ ಹಾಳು.

ಕೊನೆಗೆ ಅದೇ ಎಮಿಷನ್ ಕೇಂದ್ರಕ್ಕೆ ಮತ್ತೆ ಹೋಗಿ. ಸಿಒ ಶೇ 1ರಿಂದ 2ರ ನಡುವೆ ನಿಂತು ಎಚ್‌ಸಿ ಮೊದಲ ಚೀಟಿಗಿಂತ ಚೆನ್ನಾಗಿ ಇಳಿದಿದ್ದರೆ ನಿಮ್ಮ ಹಳೆಯ ಕಾರ್ಬೊರೇಟರನ್ನು ಹಾಗೇ ಇಟ್ಟುಕೊಳ್ಳಿ.